ಒಣಗಿದ ಡುರಾಂಟಾ ಬೇಲಿ: ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾಡಿದ ಕೆಲಸ

ಜೂನ್ 2, 2024

ಕಾಂಪೌಂಡ್ ಪಕ್ಕದ ಬೇಲಿಯನ್ನು ಇವತ್ತು ಕೂತು ಒಂದೊಂದೇ ಗಿಡವಾಗಿ ನೋಡಿದೆ. 28 ಅಡಿ ಉದ್ದ, 20 ಗಿಡ. ಎಲ್ಲಾ ಹಳದಿ ಎಲೆಯ ಡುರಾಂಟಾ. ಮೈಸೂರಿನ ಈ ಮನೆಗೆ ನಾವು ಬಂದ ವರ್ಷ, 2006ರಲ್ಲಿ, ಅಪ್ಪ ನೆಟ್ಟಿದ್ದು. ಅವರು ಇರುವವರೆಗೂ ಬೇರೆ ಯಾರಿಗೂ ಕತ್ತರಿ ಕೊಡುತ್ತಿರಲಿಲ್ಲ. ಎರಡು ಕಡೆ ಗೂಟ ಹೊಡೆದು, ದಾರ ಬಿಗಿದು, ಅದರ ಮಟ್ಟಕ್ಕೆ ಕತ್ತರಿಸುತ್ತಿದ್ದರು.

ಗಿಡಕ್ಕೆ ಜೀವ ಇದೆಯೋ ಇಲ್ಲವೋ ತಿಳಿಯಲು ಉಗುರು ಸಾಕು. ತೊಗಟೆಯನ್ನು ಸ್ವಲ್ಪ ಕೆರೆದಾಗ ಹಸಿರು ಕಂಡರೆ ಜೀವ ಇದೆ. ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಆ ಕೊಂಬೆ ಹೋಯಿತು ಅಂತ ಅರ್ಥ. ತುದಿಯಿಂದ ಶುರುಮಾಡಿ ಬುಡದವರೆಗೆ ಕೆರೆಯುತ್ತಾ ಬರಬೇಕು. ತುದಿ ಸತ್ತಿದ್ದರೂ ಬುಡ ಹಸಿರಾಗಿರಬಹುದು.

ಲೆಕ್ಕ: 11 ಸತ್ತಿವೆ, 4 ಅನುಮಾನ, 5 ಚೆನ್ನಾಗಿವೆ. ಚೆನ್ನಾಗಿರುವ ಐದೂ ಗೇಟಿನ ಹತ್ತಿರದವು. ಅಲ್ಲಿ ನೆಲ ಸ್ವಲ್ಪ ಎತ್ತರ. ಇದನ್ನು ಬರೆದಿಟ್ಟುಕೊಂಡೆ.

2023ರ ಬರಗಾಲದಲ್ಲಿ ನಮ್ಮ ಬೋರ್‌ವೆಲ್ ನೀರು ಕಮ್ಮಿಯಾಗಿ ಬೇಲಿಗೆ ಸರಿಯಾಗಿ ಹಾಕಲು ಆಗಿರಲಿಲ್ಲ. ಅದಕ್ಕೇ ಈ ಮೇ ತಿಂಗಳಲ್ಲಿ ಎಲೆ ಉದುರಿದಾಗ ಬಾಯಾರಿಕೆ ಅಂದುಕೊಂಡು ದಿನಾ ಪೈಪು ಹಿಡಿದೆ. ಮಳೆಯೂ ಬರುತ್ತಿತ್ತು. ಎಲೆ ಇನ್ನೂ ಜಾಸ್ತಿ ಉದುರಿತು.

ಜೂನ್ 9

ಸತ್ತ ಗಿಡ ಒಂದನ್ನು ಕಿತ್ತೆ. ಗುದ್ದಲಿ ಬೇಕಾಗಲೇ ಇಲ್ಲ, ಕೈಯಿಂದ ಎಳೆದರೇ ಬಂತು. 18 ವರ್ಷದ ಗಿಡ ಹಾಗೆ ಬರಬಾರದು. ಬೇರು ಕಪ್ಪಗೆ, ಮೆತ್ತಗೆ ಇತ್ತು. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಸಿಪ್ಪೆ ಪೂರ್ತಿ ಕಳಚಿ ಕೈಗೆ ಬಂತು, ಒಳಗಿನ ನಾರು ಮಾತ್ರ ದಾರದ ಥರ ಉಳಿಯಿತು. ಚರಂಡಿ ವಾಸನೆ. ಗೇಟಿನ ಹತ್ತಿರದ ಗಿಡದ ಬುಡ ಕೆದಕಿದರೆ ಅದರ ಬೇರು ತಿಳಿ ಕಂದು, ಗಟ್ಟಿ, ಮುರಿದರೆ ಟಕ್ ಅನ್ನುತ್ತೆ. ಗೆದ್ದಲು ಇರಬಹುದಾ ಅಂತ ಮಣ್ಣಿನ ಗೂಡು ಹುಡುಕಿದೆ, ಎಲ್ಲೂ ಇಲ್ಲ. ಇದು ಬೇರು ಕೊಳೆ. ನೀರು ನಿಂತ ಮಣ್ಣಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಆಗ ಶಿಲೀಂಧ್ರ ಹಿಡಿಯುತ್ತೆ. ಕೊಳೆತ ಬೇರು ನೀರು ಎಳೆಯಲ್ಲ, ಹಾಗಾಗಿ ಮೇಲೆ ನೋಡಿದರೆ ಬಾಯಾರಿದ ಗಿಡದ ಹಾಗೇ ಕಾಣುತ್ತೆ. ನಾನು ಮೋಸ ಹೋಗಿದ್ದು ಅಲ್ಲೇ.

ಖಾತ್ರಿ ಮಾಡಿಕೊಳ್ಳಲು ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿದೆ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ ಸ್ಕೇಲ್ ಇಟ್ಟೆ. ಒಳ್ಳೆ ಮಣ್ಣಾದರೆ ಗಂಟೆಗೆ ಒಂದು ಇಂಚಾದರೂ ಇಳಿಯಬೇಕು. ನಮ್ಮದು ನಾಲ್ಕು ಗಂಟೆಗೆ ಅರ್ಧ ಇಂಚು.

ಜೂನ್ 16

ಕಾರಣ ಸಿಕ್ಕಿತು. ಮನೆಗೆ ಬಂದಾಗ ರಸ್ತೆಯಿಂದ ಅಂಗಳಕ್ಕೆ ಒಂದು ಮೆಟ್ಟಿಲು ಹತ್ತಬೇಕಿತ್ತು. ಹಳೇ ಡಾಂಬರು ಕೆರೆಯದೆ ಮೇಲೆ ಮೇಲೆ ಹಾಕುತ್ತಾ ಬಂದು ಈಗ ರಸ್ತೆಯೇ ಅಂಗಳಕ್ಕಿಂತ ನಾಲ್ಕು ಇಂಚು ಎತ್ತರ. ಮಳೆ ನೀರು ಗೇಟಿನ ಕೆಳಗಿಂದ ನುಗ್ಗಿ, ಗೋಡೆ ಪಕ್ಕದಲ್ಲೇ ಹರಿದು, ಬೇಲಿಯ ಕೊನೆಯಲ್ಲಿ ನಿಲ್ಲುತ್ತೆ. ಸಾಲದ್ದಕ್ಕೆ ಅರ್ಧ ಅಡಿ ಅಗೆದರೆ ಹಳೇ ಗಾರೆ ಕೆಲಸದ ಸಿಮೆಂಟ್ ಗಟ್ಟಿ, ಇಟ್ಟಿಗೆ ಚೂರು. ಇಲ್ಲಿ ಸುಮ್ನೆ ಹೊಸ ಗಿಡ ತಂದು ನೆಟ್ಟಿದ್ದರೆ ಅವೂ ಹೀಗೇ ಹೋಗುತ್ತಿದ್ದವು.

ಜುಲೈ 7

ಮಣ್ಣಿನ ಕೆಲಸ ಮುಗಿಯಿತು. ಗೇಟಿನ ಕೆಳಗೆ ಉದ್ದಕ್ಕೂ ಚಿಕ್ಕ ಸಿಮೆಂಟ್ ದಿಂಡು. ಬೇಲಿಯ ಉದ್ದಕ್ಕೆ ಒಂದೂವರೆ ಅಡಿ ಆಳದ ಕಾಲುವೆ, ಅದರಲ್ಲಿ ತೂತು ಮಾಡಿದ ನಾಲ್ಕು ಇಂಚಿನ ಪಿವಿಸಿ ಪೈಪು, ಸುತ್ತ ಜಲ್ಲಿ, ಮಣ್ಣು ಇಳಿಯದ ಹಾಗೆ ಮೇಲೆ ಶೇಡ್ ನೆಟ್ ಹೊದಿಕೆ. ಪೈಪು ಮೂಲೆಯ ಇಂಗುಗುಂಡಿಗೆ ಸೇರುತ್ತೆ. ಅಗೆಯಲು ಬಂದಿದ್ದ ಅಣ್ಣ ನಾಲ್ಕು ಅಡಿಗೆ ನಿಲ್ಲಿಸಿ, "ಮೇಡಂ, ಗರಸು ಬಂತು, ಇನ್ನು ನೀರು ನಿಲ್ಲಲ್ಲ" ಅಂದರು. ಒಂದು ಬಕೆಟ್ ಸುರಿದು ನೋಡಿದೆವು. ನಿಜವೇ.

ಕಾಲುವೆಯ ಪಕ್ಕದಲ್ಲಿ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ಒಂಬತ್ತು ಇಂಚು ಎತ್ತರದ ಮಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ. ಗೊಬ್ಬರಕ್ಕೆ ಟ್ರೈಕೋಡರ್ಮಾ, ಅಂದರೆ ಬೇರು ಕೊಳೆಸುವ ಶಿಲೀಂಧ್ರವನ್ನು ತಡೆಯುವ ಇನ್ನೊಂದು ಶಿಲೀಂಧ್ರ, ಬೆರೆಸಿ (100 ಕೆಜಿಗೆ ಒಂದು ಕೆಜಿ) ನೆರಳಲ್ಲಿ ಗೋಣಿಚೀಲ ಮುಚ್ಚಿ, ತೇವ ಆರದಂತೆ ಎರಡು ವಾರ ಇಟ್ಟಿದ್ದೆ. ಟ್ರೈಕೋಡರ್ಮಾ ಹಾಕುವ ಜಾಗಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಸುರಿಯಬಾರದು. ಟ್ರೈಕೋಡರ್ಮಾನೂ ಶಿಲೀಂಧ್ರವೇ, ಶಿಲೀಂಧ್ರ ಕೊಲ್ಲುವ ಆ ತಾಮ್ರದ ಔಷಧಿ ಅದಕ್ಕೂ ಪೆಟ್ಟು ಕೊಡಬಹುದು. ಸತ್ತ ಗಿಡಗಳನ್ನು ಬೇರು ಸಮೇತ ಆಚೆ ಸಾಗಿಸಿದೆ, ಗೊಬ್ಬರದ ಗುಂಡಿಗೆ ಹಾಕಲಿಲ್ಲ.

ಜುಲೈ 20

ಯಾವ ಗಿಡ ಅನ್ನುವುದಕ್ಕೆ ಎರಡು ವಾರ ಹಿಡಿಯಿತು. ಮೊದಲ ಮಾತು ಅಮ್ಮನದು. "ಎಲ್ಲಾ ಒಂದೇ ಜಾತಿ ಹಾಕ್ಬೇಡ ಕಣೇ. ಒಂದಕ್ಕೆ ಬಂದ್ರೆ ಸಾಲಿಗೆಲ್ಲ ಬರುತ್ತೆ." ಇದಕ್ಕಿಂತ ಸರಿಯಾದ ಸಲಹೆ ನನಗೆ ಯಾರೂ ಕೊಡಲಿಲ್ಲ.

ಒಂದು ನರ್ಸರಿಯಲ್ಲಿ ಕೋನೋಕಾರ್ಪಸ್ ತೋರಿಸಿದರು. ವರ್ಷದಲ್ಲಿ ಆಳೆತ್ತರ ಬೆಳೆಯುತ್ತೆ ಅಂದರು. ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿತು. ಬೇರು ಪೈಪು, ಚರಂಡಿಗೆ ನುಗ್ಗುತ್ತೆ, ಪರಾಗದಿಂದ ಉಸಿರಾಟದ ತೊಂದರೆ ಆಗುತ್ತೆ ಅನ್ನುವುದು ಕಾರಣ. ಈಗಷ್ಟೇ ಪೈಪು ಹೂತಿರುವ ನಾನು ಅದನ್ನು ತರಲಾರೆ. ಕಣಗಿಲೆ ಗಟ್ಟಿ ಗಿಡ, ಆದರೆ ಎಲೆ, ಹೂವು, ಕಡ್ಡಿ ಎಲ್ಲಾ ವಿಷ. ಬೀದಿ ಹಸುಗಳು ಗೋಡೆ ಮೇಲೆ ಬಾಯಿ ಹಾಕುತ್ತವೆ, ಅದೂ ಬೇಡ.

ಕಾಮಿನಿ ನನಗೆ ತುಂಬಾ ಇಷ್ಟ. ಸಂಜೆ ಆ ಬಿಳಿ ಹೂವಿನ ವಾಸನೆ! ಆದರೆ ಅದು ನಿಂಬೆಯ, ಕರಿಬೇವಿನ ಕುಟುಂಬದ್ದೇ. ನಿಂಬೆಗೆ ರೋಗ ಹರಡುವ ಸಿಲ್ಲಿಡ್ ಕೀಟ ಕಾಮಿನಿಯ ಚಿಗುರಲ್ಲಿ ಚೆನ್ನಾಗಿ ಬೆಳೆಯುತ್ತೆ. ನಮ್ಮ ನಿಂಬೆ ಮರ ಹತ್ತೇ ಅಡಿ ದೂರದಲ್ಲಿದೆ. ಮನಸ್ಸಿಲ್ಲದ ಮನಸ್ಸಿಂದ ಬಿಟ್ಟೆ. ದಾಸವಾಳ ಸಾಲಾಗಿ ಹಾಕಿದರೆ ಹಿಟ್ಟು ತಿಗಣೆ ಒಂದರಿಂದ ಒಂದಕ್ಕೆ ಹೋಗುತ್ತೆ. ಪೂಜೆಗೆ ಹಿತ್ತಲಲ್ಲಿ ಇರುವ ಒಂದು ಸಾಕು.

ಕೊನೆಗೆ ಆಯ್ದುಕೊಂಡಿದ್ದು ಮೂರು. ಬಿಸಿಲು ಚೆನ್ನಾಗಿ ಬೀಳುವ ಜಾಗಕ್ಕೆ ಗೋರಂಟಿ, ಅಂದರೆ ಮದರಂಗಿ. ಬರ ತಡೆಯುತ್ತೆ, ಎಷ್ಟು ಕತ್ತರಿಸಿದರೂ ಚಿಗುರುತ್ತೆ. ಪಕ್ಕದ ಮನೆ ಮಾವಿನ ನೆರಳು ಬೀಳುವ ಜಾಗಕ್ಕೆ ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಆ ಆಡೂ ಬಿಡುವ ಸೊಪ್ಪು ಇದು, ಹಸುಗಳ ಚಿಂತೆ ಇಲ್ಲ. ಗೇಟಿನ ಹತ್ತಿರ ಎರಡು ಕೇಪಳ. ಕೇಪಳಕ್ಕೆ ಹುಳಿ ಮಣ್ಣು ಬೇಕು. ಸಿಮೆಂಟಿನ ಸುಣ್ಣ ತಾಗಿದರೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತೆ. ಅದಕ್ಕೇ ಗೋಡೆಯಿಂದ ಅಷ್ಟು ದೂರ ಬಿಟ್ಟಿದ್ದು.

ಜುಲೈ 28

ನೆಟ್ಟಾಯಿತು. 2 ಕೇಪಳ, 10 ಗೋರಂಟಿ, 7 ಆಡುಸೋಗೆ, ಒಂದೂವರೆ ಅಡಿ ಅಂತರ. ಆಡುಸೋಗೆ ದುಡ್ಡು ಕೊಟ್ಟು ತಂದಿದ್ದಲ್ಲ, ಅಮ್ಮನ ಗೆಳತಿಯ ತೋಟದಿಂದ ತಂದ ಪೆನ್ಸಿಲ್ ದಪ್ಪದ ಕಡ್ಡಿಗಳು. ಅಪ್ಪನ ದಾರದ ಉಂಡೆ ಅಟ್ಟದಲ್ಲಿ ಸಿಕ್ಕಿತು. ಅದನ್ನೇ ಬಿಗಿದು ಸಾಲು ಹಿಡಿದೆ.

ಉಳಿದ ಡುರಾಂಟಾ ಐದನ್ನೂ ತೆಗೆಯಲೇಬೇಕಾಯಿತು, ಮಡಿ ಏರಿಸಿದ ಮೇಲೆ ಅವುಗಳ ಬುಡ ಹೂತುಹೋಗುತ್ತಿತ್ತು. ತೆಗೆಯುವ ಮೊದಲು ಆರು ಕಡ್ಡಿ ಕತ್ತರಿಸಿ ಮರಳಲ್ಲಿ ನೆಟ್ಟೆ.

ಸೆಪ್ಟೆಂಬರ್ 8

ಗೋರಂಟಿ ಒಂದು ಅಡಿ ದಾಟಿತು. ತುದಿ ಚಿವುಟಿದೆ. ಎತ್ತರಕ್ಕೆ ಬಿಟ್ಟರೆ ಕೆಳಗೆ ಬೋಳಾಗುತ್ತೆ. ಮುಂದೆಯೂ ಬುಡ ಅಗಲ, ತಲೆ ಕಿರಿದು ಇರುವ ಹಾಗೆ ಕತ್ತರಿಸಬೇಕು, ಆಗಲೇ ಕೆಳಗಿನ ಎಲೆಗೂ ಬಿಸಿಲು ಸಿಗುವುದು. ಅಪ್ಪನ ಬೇಲಿಯೂ ಹಾಗೇ ಇತ್ತು. ಯಾಕೆ ಅಂತ ಆಗ ಕೇಳಲಿಲ್ಲ.

ಅಕ್ಟೋಬರ್ 20

ರಾತ್ರಿಯಿಡೀ ಮಳೆ. ಬೆಳಿಗ್ಗೆ ಆರಕ್ಕೆ ಟಾರ್ಚ್ ಹಿಡಿದು ಹೋದೆ. ಮಡಿಯಲ್ಲಿ ಒಂದು ಹನಿ ನಿಂತಿಲ್ಲ. ಇಂಗುಗುಂಡಿ ಅರ್ಧ ತುಂಬಿತ್ತು, ಮಧ್ಯಾಹ್ನಕ್ಕೆ ಖಾಲಿ. ಕೇಪಳದಲ್ಲಿ ಮೊದಲ ಗೊಂಚಲು ಮೊಗ್ಗು. ಮರಳಲ್ಲಿ ನೆಟ್ಟ ಡುರಾಂಟಾ ಆರರಲ್ಲಿ ಎರಡು ಬೇರು ಬಿಟ್ಟಿವೆ. ಅವಕ್ಕೆ ಹಿತ್ತಲಲ್ಲಿ ಎತ್ತರದ ಜಾಗ ನೋಡಿಟ್ಟಿದ್ದೇನೆ. ಅದರ ಹಣ್ಣು ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಹೂವಾದ ಮೇಲೆ ಕತ್ತರಿಸುತ್ತಿರಬೇಕು.

ಏಳನೇ ಆಡುಸೋಗೆ ಮಾತ್ರ ಇನ್ನೂ ಚಿಗುರಿಲ್ಲ. ಉಗುರಿಂದ ಕೆರೆದು ನೋಡಿದೆ. ತುದಿಯಲ್ಲಿ ಕಂದು, ಬುಡದಲ್ಲಿ ಹಸಿರು. ಕೀಳದೆ ಬಿಟ್ಟಿದ್ದೇನೆ.