ಉಲುರುಗೆ ಒಂದು ದಿನ ಸಾಕಾ?

"ಮೆಲ್ಬರ್ನ್‌ಗೆ ಮಗಳ ಮನೆಗೆ ಹೊರಟಿದ್ದೀವಿ. ಅಲ್ಲಿ ಮರುಭೂಮಿ ನಡುವೆ ಒಂದು ಕೆಂಪು ಬಂಡೆ ಇದೆಯಂತಲ್ಲ, ಅದಕ್ಕೆ ಒಂದು ದಿನ ಸಾಕಲ್ವಾ?"

ಶಿವಮೊಗ್ಗದಲ್ಲಿ ಕೂತು ಜನರಿಗೆ ಟಿಕೆಟ್ಟು, ವೀಸಾ, ಹೋಟೆಲು ಹೊಂದಿಸಿಕೊಡುವ ಕೆಲಸ ನನ್ನದು. ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಮಕ್ಕಳನ್ನು ನೋಡಲು ಆಸ್ಟ್ರೇಲಿಯಾಕ್ಕೆ ಹೋಗುವ ಅಪ್ಪ ಅಮ್ಮಂದಿರು ಈಗ ಜಾಸ್ತಿ. ಸಿಡ್ನಿ ಆಯ್ತು, ಸಮುದ್ರದ ದಂಡೆ ಆಯ್ತು ಅಂದ ಕೂಡಲೇ ಈ ಪ್ರಶ್ನೆ ಬರುತ್ತದೆ. ಆ ಕೆಂಪು ಬಂಡೆಯ ಹೆಸರೇ ಉಲುರು.

ನನ್ನ ಉತ್ತರ ಇಷ್ಟು. ಒಂದೇ ದಿನಕ್ಕಾದರೆ ಹೋಗಬೇಡಿ. ಆ ದುಡ್ಡಿನಲ್ಲಿ ಮಗಳು ಮೊಮ್ಮಕ್ಕಳ ಜೊತೆ ಬೇರೆ ಕಡೆ ಸುತ್ತಾಡಿ ಬನ್ನಿ. ಹೋಗುವುದೇ ಆದರೆ ಆರು ರಾತ್ರಿ ಇಟ್ಟುಕೊಳ್ಳಿ, ಅದರಲ್ಲಿ ಮೂರು ರಾತ್ರಿ ಬಂಡೆಯ ಹತ್ತಿರವೇ ಇರಲಿ.

ಇದನ್ನು ಕೇಳಿ ಮುಖ ನೋಡುತ್ತಾರೆ. "ಮೂರು ರಾತ್ರಿ ನೋಡೋಕೆ ಅಲ್ಲಿ ಎಂತ ಇದೆ ಮಾರಾಯ್ರೆ? ಒಂದು ಕಲ್ಲು ತಾನೇ?"

ಕಲ್ಲೇ ಹೌದು. ಸುತ್ತಲಿನ ಬಯಲಿನಿಂದ 348 ಮೀಟರ್ ಎತ್ತರ. ಕಣ್ಣಿಗೆ ಕಾಣುವುದು ಮೇಲಿನ ತುದಿ ಮಾತ್ರ, ಉಳಿದದ್ದು ನೆಲದೊಳಗೆ ಕಿಲೋಮೀಟರುಗಟ್ಟಲೆ ಇಳಿದಿದೆ. ಒಳಗಿನ ಕಲ್ಲು ಬೂದು ಬಣ್ಣದ್ದು. ಅದರಲ್ಲಿರುವ ಕಬ್ಬಿಣಕ್ಕೆ ತುಕ್ಕು ಹಿಡಿದು ಮೈ ಕೆಂಪಾಗಿದೆ. ಒಂದು ದಿನದ ಪ್ರವಾಸದವರು ಮಧ್ಯಾಹ್ನ ಬಂದು, ಸಂಜೆ ಆ ಕೆಂಪು ಬಣ್ಣ ಬದಲಾಗುವುದನ್ನು ದೂರದಿಂದ ನೋಡಿ, ಫೋಟೋ ಹೊಡೆದು ಬಸ್ಸು ಹತ್ತುತ್ತಾರೆ. ಹತ್ತಿರದ ದೊಡ್ಡ ಊರು ಆಲಿಸ್ ಸ್ಪ್ರಿಂಗ್ಸ್ ಅಂತ ನಕ್ಷೆ ನೋಡಿ ಅಲ್ಲೇ ರೂಮು ಮಾಡುವವರ ಪಾಡು ಇನ್ನೂ ಕಷ್ಟ. ಅಲ್ಲಿಂದ ಬಂಡೆಗೆ ಸುಮಾರು 450 ಕಿಲೋಮೀಟರ್. ಹೋಗಿ ಬರುವಷ್ಟರಲ್ಲಿ 900. ಬಸ್ಸಿನ ಕಿಟಕಿ ನೋಡಲು ಅಷ್ಟು ದೂರ ಹೋಗಬೇಕಾ?

ಉಲುರು ಅನಂಗು ಅನ್ನುವ ಆದಿವಾಸಿ ಜನರ ನೆಲ. ಹತ್ತಾರು ಸಾವಿರ ವರ್ಷಗಳಿಂದ ಅವರು ಆ ಕಡೆ ಬದುಕಿದ್ದಾರೆ. 1873ರಲ್ಲಿ ಅಲ್ಲಿಗೆ ಬಂದ ಬಿಳಿಯ ಸರ್ವೇಯರ್ ವಿಲಿಯಂ ಗಾಸ್ ಅದಕ್ಕೆ ಆಯರ್ಸ್ ರಾಕ್ ಅಂತ ಹೆಸರಿಟ್ಟ. ಆಮೇಲೆ ನೂರು ವರ್ಷಕ್ಕೂ ಮೇಲೆ ಅದು ಸರ್ಕಾರದ ಜಾಗ. 1985ರ ಅಕ್ಟೋಬರ್ 26ರಂದು ಸರ್ಕಾರ ನೆಲವನ್ನು ಅನಂಗು ಜನರಿಗೆ ವಾಪಸು ಕೊಟ್ಟಿತು. ಅವರು ಅದನ್ನು 99 ವರ್ಷದ ಗುತ್ತಿಗೆಗೆ ರಾಷ್ಟ್ರೀಯ ಉದ್ಯಾನಕ್ಕೇ ಕೊಟ್ಟರು. ಉದ್ಯಾನ ನಡೆಸುವ ಮಂಡಳಿಯಲ್ಲಿ ಅವರದೇ ಬಹುಮತ. ಅಂದರೆ ನಾವು ಪಾಸು ತೆಗೆದುಕೊಂಡು ಒಳಗೆ ಹೋಗುವುದು ಇನ್ನೊಬ್ಬರ ಜಮೀನಿಗೆ. ಆ ಪಾಸು ಕೂಡ ಮೂರು ದಿನದ್ದೇ, ನನ್ನ ಲೆಕ್ಕಕ್ಕೆ ಸರಿ ಹೊಂದುತ್ತದೆ.

ಎರಡನೇ ಪ್ರಶ್ನೆ ಸಾಮಾನ್ಯವಾಗಿ ಗಂಡಸರದ್ದು. "ಹತ್ತೋಕೆ ಬಿಡ್ತಾರಾ?" ಕುಂದಾದ್ರಿ, ಕೊಡಚಾದ್ರಿ ಹತ್ತಿದ ಕಾಲು, ಕೇಳುವುದು ಸಹಜ. ಬಿಡುವುದಿಲ್ಲ. 2019ರ ಅಕ್ಟೋಬರ್ 26ಕ್ಕೆ ಹತ್ತುವುದನ್ನು ಪೂರ್ತಿ ನಿಲ್ಲಿಸಿದರು. ತಾರೀಖು ನೋಡಿದಿರಲ್ಲ, ನೆಲ ವಾಪಸು ಸಿಕ್ಕ ದಿನವೇ. ಅನಂಗು ಹಿರಿಯರು ಎಷ್ಟೋ ವರ್ಷದಿಂದ "ದಯವಿಟ್ಟು ಹತ್ತಬೇಡಿ" ಅಂತ ಬೋರ್ಡು ಹಾಕಿ ಕೇಳಿಕೊಳ್ಳುತ್ತಲೇ ಇದ್ದರು, ಜನ ಆ ಬೋರ್ಡಿನ ಪಕ್ಕದಲ್ಲೇ ಹತ್ತುತ್ತಿದ್ದರು. ಬಿದ್ದು, ಎದೆ ನಿಂತು ಸತ್ತವರು ಮೂವತ್ತಕ್ಕೂ ಜಾಸ್ತಿ. ಹತ್ತುವ ದಾರಿ ಅವರ ಪುರಾಣದಲ್ಲಿ ಮಾಲ ಪೂರ್ವಿಕರು ಹೋದ ಪವಿತ್ರ ದಾರಿ. ಮಾಲ ಅಂದರೆ ಮೊಲದಂಥ ಒಂದು ಸಣ್ಣ ಕಾಂಗರೂ.

ಹತ್ತದಿದ್ದರೆ ಏನು ಮಾಡುವುದು? ಸುತ್ತು ಹಾಕುವುದು. ಬುಡದ ಸುತ್ತ 10.6 ಕಿಲೋಮೀಟರ್ ಸಪಾಟು ದಾರಿ ಇದೆ. ಬೆಳಕು ಹರಿಯುವಾಗ ಶುರು ಮಾಡಿದರೆ ಬಿಸಿಲು ಏರುವ ಮೊದಲೇ ಮುಗಿಯುತ್ತದೆ. ದೂರದಿಂದ ನುಣ್ಣಗೆ ಕಾಣುವ ಬಂಡೆಗೆ ಹತ್ತಿರದಲ್ಲಿ ಗುಹೆ, ಸೀಳು, ಪೊಟರೆ, ಮಡಿಕೆ ಏನೆಲ್ಲ ಇವೆ. ಮೇಲಿನಿಂದ ಕೆಳಗಿನವರೆಗೆ ಕಪ್ಪು ಪಟ್ಟಿಗಳು ಇಳಿದಿರುತ್ತವೆ. ಮಳೆ ಬಂದಾಗ ನೀರು ಹರಿದ ಜಾಡು ಅದು, ಪಾಚಿ ಒಣಗಿ ಕಪ್ಪಾಗಿರುತ್ತದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 300 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ ಆಷಾಢದ ಒಂದೆರಡು ದಿನದಲ್ಲಿ ಸುರಿದು ಹೋಗುವಷ್ಟು. ಆದರೆ ಬಿದ್ದ ದಿನ ಬಂಡೆಯ ತುಂಬ ಜಲಪಾತ!

ಮೊಣಕಾಲು ನೋವಿನವರು ಪೂರ್ತಿ ಸುತ್ತಬೇಕಿಲ್ಲ. ದಕ್ಷಿಣದ ಬದಿಯಲ್ಲಿ ಮುಟಿಜುಲು ಅನ್ನುವ ನೀರಿನ ಗುಂಡಿ ಇದೆ. ಹೋಗಿ ಬರಲು ಒಂದೇ ಕಿಲೋಮೀಟರ್, ಗಾಲಿಕುರ್ಚಿಯೂ ಹೋಗುತ್ತದೆ. ನನ್ನನ್ನು ಕೇಳಿದರೆ ಇಡೀ ಉಲುರುವಿನಲ್ಲಿ ತಪ್ಪಿಸಬಾರದ ಜಾಗ ಇದೇ. ಕುನಿಯ ಅನ್ನುವ ಹೆಬ್ಬಾವಿನ ಹೆಂಗಸಿನ ಕತೆ ಇಲ್ಲಿಯದು. ಅವಳು ಮೊಟ್ಟೆಗಳನ್ನು ಹೊತ್ತುಕೊಂಡು ಪೂರ್ವದಿಂದ ಬರುತ್ತಾಳೆ. ಲಿರು ಅನ್ನುವ ವಿಷದ ಹಾವಿನ ಮಂದಿ ಅವಳ ಸೋದರಳಿಯನನ್ನು ಈಟಿಯಿಂದ ತಿವಿದು ಕೊಂದಿರುತ್ತಾರೆ. ಕೇಳಲು ಹೋದವಳನ್ನು ನೋಡಿ ಒಬ್ಬ ಲಿರು ನಗುತ್ತಾನೆ. ಅವಳಿಗೆ ಸಿಟ್ಟು ಉಕ್ಕುತ್ತದೆ. ಆ ಸಿಟ್ಟಿನ ವಿಷ ಊರಿಗೆಲ್ಲ ತಟ್ಟಬಾರದು ಅಂತ ಮರಳು ಹಿಡಿದು ನೆಲಕ್ಕೆ ಬಿಡುತ್ತ, ಕುಣಿಯುತ್ತ ಮುಂದೆ ಹೋಗಿ, ಗೆಡ್ಡೆ ಅಗೆಯುವ ಕೋಲಿನಿಂದ ಅವನ ತಲೆಗೆ ಎರಡೇಟು ಹಾಕುತ್ತಾಳೆ. ಮೊದಲ ಏಟಿನ ಗುರುತು ಸಣ್ಣದು, ಎರಡನೆಯದು ಉದ್ದಕ್ಕೆ ಸೀಳಿದ್ದು. ತಲೆ ಎತ್ತಿದರೆ ಆ ಎರಡೂ ಸೀಳು ಬಂಡೆಯಲ್ಲಿ ಕಾಣುತ್ತವೆ. ಪಕ್ಕದಲ್ಲಿ ಕಪ್ಪಗೆ ಡೊಂಕಾಗಿ ಹರಿದ ಗೆರೆ ಅವಳದೇ ಮೈ.

ಈ ಕತೆ ಗೊತ್ತಿಲ್ಲದೆ ಅಲ್ಲಿ ನಿಂತರೆ ಒಂದು ಹೊಂಡ, ನಾಲ್ಕು ಮರ, ಎರಡು ಬಿರುಕು. ಅದಕ್ಕೇ ನಾನು ಸಮಯ ಕೊಡಿ ಅನ್ನುವುದು. ಮೊದಲ ದಿನ ಉದ್ಯಾನದ ಸಾಂಸ್ಕೃತಿಕ ಕೇಂದ್ರಕ್ಕೆ ಹೋಗಿ ಸಾವಕಾಶವಾಗಿ ನೋಡಿ. ರೇಂಜರ್ ಜೊತೆ ಪುಕ್ಕಟೆಯಾಗಿ ನಡೆಯುವ ಮಾಲ ನಡಿಗೆಗೂ ಸೇರಿಕೊಳ್ಳಿ. ಆಮೇಲೆ ಬಂಡೆಯ ಹತ್ತಿರ ಹೋಗಿ.

ಹೇಳುವುದಕ್ಕೂ ಅಲ್ಲಿ ಒಂದು ಮಿತಿ ಇದೆ. ಹೊರಗಿನವರಿಗೆ ಹೇಳುವುದು ಅವರ ಮಕ್ಕಳಿಗೆ ಹೇಳುವಷ್ಟು ಮಾತ್ರ. ಕೆಲವು ಕತೆ ಹೆಂಗಸರಿಗೆ ಮಾತ್ರ, ಕೆಲವು ಗಂಡಸರಿಗೆ ಮಾತ್ರ. ಬುಡದ ದಾರಿಯಲ್ಲಿ ಕೆಲವು ಕಡೆ ಫೋಟೋ ತೆಗೆಯಬೇಡಿ ಅಂತ ಬೋರ್ಡು ಇರುತ್ತದೆ. "ದುಡ್ಡು ಕೊಟ್ಟು ಹೋಗಿ ಫೋಟೋನೂ ಬೇಡ್ವಾ?" ಅಂತ ಕೇಳುವವರಿಗೆ ನಾನು ನಮ್ಮ ನಾಗಬನ ನೆನಪಿಸುತ್ತೇನೆ. ಬನದೊಳಗೆ ಸೊಪ್ಪು ಕೊಯ್ಯಬಾರದು ಅಂದರೆ ಯಾಕೆ ಅಂತ ನಾವು ವಾದ ಮಾಡುತ್ತೇವಾ? ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯ ಕಲ್ಲು, ಮಣ್ಣು ಕೂಡ ಜೇಬಿಗೆ ಹಾಕಬೇಡಿ. ಹಾಗೆ ತಂದವರು ಎಷ್ಟೋ ಜನ ಆಮೇಲೆ ತಪ್ಪಾಯಿತು ಅಂತ ಕಾಗದ ಬರೆದು ಅಂಚೆಯಲ್ಲಿ ವಾಪಸು ಕಳಿಸುತ್ತಲೇ ಇದ್ದಾರೆ, ಉದ್ಯಾನದವರಿಗೆ ಅದೇ ಒಂದು ಕೆಲಸ.

ಎರಡನೇ ದಿನ ಕಾಟ ಜುಟ. ಉಲುರುವಿನ ಪಶ್ಚಿಮಕ್ಕೆ 36 ಗುಂಡು ಬೆಟ್ಟಗಳ ಗುಂಪು. ಅದರಲ್ಲಿ ದೊಡ್ಡದು ಉಲುರುವಿಗಿಂತ ಎತ್ತರ, 546 ಮೀಟರ್. ಇಲ್ಲಿಯ ಗಾಳಿ ಕಣಿವೆಯ ನಡಿಗೆ 7.4 ಕಿಲೋಮೀಟರ್, ಸ್ವಲ್ಪ ಕಾಲಿಗೆ ಕೆಲಸ ಇದೆ. ಸೆಖೆ 36 ಡಿಗ್ರಿ ಮುಟ್ಟುತ್ತದೆ ಅಂತ ಮುನ್ಸೂಚನೆ ಇದ್ದರೆ ಬೆಳಗ್ಗೆ ಹನ್ನೊಂದಕ್ಕೇ ದಾರಿ ಮುಚ್ಚುತ್ತಾರೆ. ವಾದ ಮಾಡಬೇಡಿ.

ಆಮೇಲೆ ಕಾರಿನಲ್ಲಿ ಸುಮಾರು 300 ಕಿಲೋಮೀಟರ್ ದೂರದ ಕಿಂಗ್ಸ್ ಕ್ಯಾನ್ಯನ್ ಅನ್ನುವ ಕಣಿವೆಯ ಹತ್ತಿರ ಒಂದು ರಾತ್ರಿ, ಅಲ್ಲಿಂದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಎರಡು ರಾತ್ರಿ, ಅಲ್ಲಿಂದಲೇ ವಿಮಾನ. ಕ್ಯಾನ್ಯನ್‌ನ ಮೇಲಂಚಿನ ನಡಿಗೆ ಶುರುವಾಗುವುದೇ ಕಡಿದಾದ ಮೆಟ್ಟಿಲಿನಿಂದ. ವಯಸ್ಸಾದವರು ಕೆಳಗಿನ ತೊರೆಯ ದಾರಿಯಲ್ಲಿ ನಡೆದರೆ ಸಾಕು.

ಕಾರು ಓಡಿಸುವ ಬಗ್ಗೆ ಜನ ಹೆದರುತ್ತಾರೆ. ರಸ್ತೆ ಎಡಗಡೆಯದೇ, ಟಾರು ಚೆನ್ನಾಗಿದೆ, ಆಗುಂಬೆ ಘಾಟಿ ಇಳಿಸಿದವರಿಗೆ ಅಲ್ಲಿ ತಿರುವೇ ಇಲ್ಲ ಅಂತ ಬೇಸರ ಬರಬಹುದು. ಹೊರಡುವ ಮೊದಲು ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಅಪಾಯ ಬೇರೆ ಕಡೆ ಇದೆ. ಕತ್ತಲಾದ ಮೇಲೆ ಕಾಂಗರೂ, ದನ, ಒಂಟೆ ರಸ್ತೆಗೆ ಬರುತ್ತವೆ. ಸೂರ್ಯ ಮುಳುಗುವ ಮೊದಲು ರೂಮು ಸೇರಿ. ಬಾಡಿಗೆ ಕಾರಿನವರೂ ರಾತ್ರಿ ಓಡಿಸಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಎದುರಿಗೆ 50 ಮೀಟರಿಗೂ ಉದ್ದದ ರೋಡ್ ಟ್ರೇನ್ ಲಾರಿ ಬಂದರೆ ಗಾಳಿಗೆ ಕಾರು ಅಲುಗುತ್ತದೆ, ಸ್ಟೀರಿಂಗ್ ಗಟ್ಟಿಯಾಗಿ ಹಿಡಿಯಿರಿ. ಪೆಟ್ರೋಲ್ ಬಂಕು ಕಂಡಲ್ಲೆಲ್ಲ ತುಂಬಿಸಿ. ನಡುವೆ ಮೊಬೈಲ್ ಸಿಗುವುದಿಲ್ಲ. ದಾರಿಯಲ್ಲಿ ತಲೆ ಚಪ್ಪಟೆಯಾದ ಒಂದು ದೊಡ್ಡ ಬೆಟ್ಟ ಕಂಡು "ಬಂತು ಉಲುರು" ಅಂತ ಕೂಗಬೇಡಿ. ಅದು ಮೌಂಟ್ ಕಾನರ್, ಎಲ್ಲರನ್ನೂ ಮೋಸ ಮಾಡುತ್ತದೆ.

ಆ ಒಂಟೆಗಳಿಗೆ ನಮ್ಮ ಕಡೆಯ ನಂಟಿದೆ. ಆಸ್ಟ್ರೇಲಿಯಾದಲ್ಲಿ ಒಂಟೆ ಹುಟ್ಟಿದ್ದಲ್ಲ. 1860ರಲ್ಲಿ ಒಳನಾಡು ಹುಡುಕುವ ತಂಡವೊಂದಕ್ಕೆ ಕರಾಚಿಯಿಂದ ಹಡಗಿನಲ್ಲಿ ಒಂಟೆ ಹೋಯಿತು. ಜೊತೆಗೆ ಅವನ್ನು ನೋಡಿಕೊಳ್ಳುವವರೂ. ಆಮೇಲೆ ಹತ್ತಾರು ವರ್ಷ ಸಿಂಧ್, ಪಂಜಾಬ್, ಬಲೂಚಿಸ್ತಾನ, ಅಫ್ಘಾನಿಸ್ತಾನದ ಕಡೆಯಿಂದ ಒಂಟೆಯವರು ಹೋಗುತ್ತಲೇ ಇದ್ದರು. ಅಲ್ಲಿಯವರು ಎಲ್ಲರನ್ನೂ ಸೇರಿಸಿ ಅಫ್ಘಾನ್ ಅಂದರು. ತಂತಿ ಕಂಬಕ್ಕೆ ಸಾಮಾನು, ಊರಿಗೆ ಹಿಟ್ಟು, ಎಲ್ಲ ಅವರ ಒಂಟೆಯ ಬೆನ್ನ ಮೇಲೆ ಹೋಯಿತು. ಲಾರಿ ಬಂದ ಮೇಲೆ ಒಂಟೆಗಳನ್ನು ಕಾಡಿಗೆ ಬಿಟ್ಟರು, ಅವುಗಳ ಮರಿಮಕ್ಕಳೇ ಈಗ ರಸ್ತೆಗೆ ಬರುವುದು. ಅಡಿಲೇಡ್‌ನಿಂದ ಆಲಿಸ್ ಸ್ಪ್ರಿಂಗ್ಸ್ ಮೇಲೆ ಡಾರ್ವಿನ್‌ಗೆ ಹೋಗುವ ರೈಲಿನ ಹೆಸರು ಘಾನ್, ಅದೂ ಇವರಿಂದಲೇ ಬಂದದ್ದು. ರೈಲು ಬಲು ದುಬಾರಿ, ಉಲುರುಗೆ ಹೋಗುವುದೂ ಇಲ್ಲ. ಅದರಲ್ಲಿ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಆಲಿಸ್ ಸ್ಪ್ರಿಂಗ್ಸ್ ಅರಂಡ ಜನರ ನೆಲ. ಊರು ನೋಡಲು ಅಷ್ಟೇನೂ ಚೆಂದ ಇಲ್ಲ, ರಾತ್ರಿ ಸುಮ್ನೆ ತಿರುಗಾಡುವುದೂ ಬೇಡ. ಆದರೆ ಚಿತ್ರ ಕೊಳ್ಳುವುದಾದರೆ ಇಲ್ಲೇ. ಚುಕ್ಕಿ ಚಿತ್ರ ಅಂತ ನಾವು ನೋಡುವ ಶೈಲಿ ಶುರುವಾದದ್ದು 1971ರಲ್ಲಿ, ಆಲಿಸ್‌ನಿಂದ ಸುಮಾರು 240 ಕಿಲೋಮೀಟರ್ ದೂರದ ಪಪುನ್ಯ ಅನ್ನುವ ವಸಾಹತಿನಲ್ಲಿ. ಮರಳ ಮೇಲೆ, ಮೈ ಮೇಲೆ ಬರೆಯುತ್ತಿದ್ದುದನ್ನು ಹಿರಿಯರು ಹಲಗೆಯ ಮೇಲೆ ಬರೆಯತೊಡಗಿದರು. ಅಲ್ಲಿಯ ಶಾಲೆಯ ಮೇಷ್ಟ್ರು ಜೆಫ್ರಿ ಬಾರ್ಡನ್ ಅದಕ್ಕೆ ಒತ್ತಾಸೆಯಾಗಿ ನಿಂತ. ಮರುವರ್ಷ ಕಲಾವಿದರೇ ಸೇರಿ ಮಾಡಿದ ಪಪುನ್ಯ ತುಲ ಕಂಪನಿಯ ಗ್ಯಾಲರಿ ಈಗಲೂ ಆಲಿಸ್‌ನಲ್ಲಿದೆ. ಅಂಥ ಕಡೆ ಕೊಳ್ಳಿ. ಯಾರು ಬರೆದದ್ದು, ಯಾವ ಊರು ಅಂತ ಹೇಳುವ ಚೀಟಿ ಕೇಳಿ. ಆದಿವಾಸಿ ಶೈಲಿ ಅಂತ ಮಾರುವ ಸಾಮಾನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅವರು ಮಾಡಿದ್ದೇ ಅಲ್ಲ ಅಂತ ಅಲ್ಲಿಯ ಸರ್ಕಾರದ ಆಯೋಗವೇ 2022ರಲ್ಲಿ ಹೇಳಿದೆ.

ಒಂದು ದಿನ ಮಿಕ್ಕರೆ ಪಶ್ಚಿಮಕ್ಕೆ ಹರ್ಮನ್ಸ್‌ಬರ್ಗ್‌ಗೆ ಹೋಗಿ. ಆಲ್ಬರ್ಟ್ ನಮಜೀರ ಹುಟ್ಟಿದ ಊರು, 1902ರಲ್ಲಿ. ಅವನ ಜಲವರ್ಣದ ಬಿಳಿ ಮರ, ನೇರಳೆ ಬೆಟ್ಟ ಇಡೀ ದೇಶದ ಗೋಡೆಗಳ ಮೇಲಿದ್ದವು. ಅಷ್ಟು ಹೆಸರು ಮಾಡಿದವನಿಗೆ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮನೆ ಕಟ್ಟಲು ಅನುಮತಿ ಸಿಗಲಿಲ್ಲ, ಆದಿವಾಸಿ ಅಂತ. 1957ರಲ್ಲಿ ಪೌರತ್ವ ಸಿಕ್ಕಿತು, ಅವನ ಜನರಿಗೆ ಸಿಗಲಿಲ್ಲ. ಮರುವರ್ಷ ಪೌರತ್ವ ಇಲ್ಲದ ನೆಂಟನಿಗೆ ಮದ್ಯ ಕೊಟ್ಟ ಅಂತ ಶಿಕ್ಷೆ. 1959ರಲ್ಲಿ ತೀರಿಕೊಂಡ. ಆ ಬೆಟ್ಟಗಳನ್ನು ನೋಡುವಾಗ ಇದೂ ಗೊತ್ತಿರಬೇಕು ಅಂತ ನನ್ನ ಹಟ.

ಯಾವಾಗ ಹೋಗುವುದು? ನಮ್ಮ ಬೇಸಿಗೆ ರಜೆ ಅಲ್ಲಿಗೆ ಸರಿಯಾಗಿ ಹೊಂದುತ್ತದೆ. ಏಪ್ರಿಲ್ ಕೊನೆ, ಮೇ ತಿಂಗಳು ಹಿತವಾಗಿರುತ್ತದೆ. ಜೂನ್, ಜುಲೈನಲ್ಲಿ ಹಗಲು ಚೆನ್ನ, ರಾತ್ರಿ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಮರುಭೂಮಿ ಅಂದರೆ ಸೆಖೆ ಅಂದುಕೊಂಡು ಸ್ವೆಟರ್ ಬಿಟ್ಟು ಹೋದವರು ನಡುಗಬೇಕಾಗುತ್ತದೆ. ಡಿಸೆಂಬರ್, ಜನವರಿ ಬೇಡವೇ ಬೇಡ, 40 ದಾಟುತ್ತದೆ. ಸೆಖೆಯಲ್ಲಿ ನಡೆಯುವಾಗ ಗಂಟೆಗೊಂದು ಲೀಟರ್ ನೀರು ಕುಡಿಯಿರಿ ಅಂತ ಉದ್ಯಾನದವರೇ ಹೇಳುತ್ತಾರೆ.

ಖರ್ಚು ಜಾಸ್ತಿಯೇ. ಉಲುರು ಪಕ್ಕದ ಯುಲಾರದಲ್ಲಿ ಹೋಟೆಲುಗಳು ಬಹುಪಾಲು ಒಂದೇ ಕೈಯಲ್ಲಿವೆ, ಚೌಕಾಸಿಗೆ ಜಾಗ ಇಲ್ಲ. ಮಗಳು ಅಳಿಯ ಜೊತೆಗಿದ್ದರೆ ಕ್ಯಾಂಪಿಂಗ್ ಜಾಗದ ಕ್ಯಾಬಿನ್ ನೋಡಿ. ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಅಕ್ಕಿ, ತರಕಾರಿ, ಮೊಸರು ಸಿಗುತ್ತದೆ, ಸಾರು ಅನ್ನಕ್ಕೆ ತೊಂದರೆ ಇಲ್ಲ. ನೊಣದ ಕಾಟಕ್ಕೆ ಟೋಪಿಯ ಮೇಲೆ ಹಾಕುವ ಬಲೆ ಕೊಳ್ಳಿ. ಹಾಕಿಕೊಂಡರೆ ಜೇನು ಕೀಳಲು ಹೊರಟವರ ಹಾಗೆ ಕಾಣುತ್ತೀರಿ, ಕಾಣಲಿ. ಬಾಯಿಗೇ ನುಗ್ಗುತ್ತವೆ.

ಊರಿನಿಂದ ಹೊರಡುವಾಗ ಅಪ್ಪೆಮಿಡಿ, ಹಪ್ಪಳ, ಅಡಿಕೆ, ಹಾಲಿನ ಸಿಹಿ ಏನೇ ತುಂಬಿದ್ದರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಬರೆದು ತೋರಿಸಿ. ಬರೆದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ದೊಡ್ಡದು.