ಲೆಡ್ ಅಯೋಡೈಡ್: ಹಳದಿ ಹರಳಿನಿಂದ ಸೋಲಾರ್ ಸೆಲ್‌ವರೆಗೆ

ಲೆಡ್ ನೈಟ್ರೇಟ್ ದ್ರಾವಣಕ್ಕೆ ಪೊಟ್ಯಾಸಿಯಂ ಅಯೋಡೈಡ್ ಹಾಕಿದರೆ ಹಳದಿ ಪ್ರಕ್ಷೇಪ ಬೀಳುತ್ತದೆ, ಅದೇ ಲೆಡ್ ಅಯೋಡೈಡ್. ಇದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಸಮೀಕರಣ ಸರಿದೂಗಿಸುತ್ತೇವೆ, ಅಂಕ ತಗೊಳ್ಳುತ್ತೇವೆ, ಮುಂದಿನ ಪಾಠಕ್ಕೆ ಹೋಗುತ್ತೇವೆ. ಆ ಹಳದಿ ಪುಡಿಯನ್ನು ಅಲ್ಲಿಗೇ ಬಿಟ್ಟುಬಿಡುವುದು ನನಗೆ ತುಂಬಾ ಬೇಸರದ ವಿಷಯ. ಯಾಕೆಂದರೆ ಅದರ ಸೊಗಸು ಕಾಣುವುದು ಅದನ್ನು ಬಿಸಿ ಮಾಡಿದಾಗ.

ತಯಾರಿಯಲ್ಲಿ ಒಂದು ಅನುಕೂಲ ಇದೆ. ಒಂದು ಮೋಲ್ ಲೆಡ್ ನೈಟ್ರೇಟ್ 331 ಗ್ರಾಂ, ಅದಕ್ಕೆ ಬೇಕಾದ ಎರಡು ಮೋಲ್ ಪೊಟ್ಯಾಸಿಯಂ ಅಯೋಡೈಡ್ 332 ಗ್ರಾಂ. ಅಂದರೆ ಎರಡನ್ನೂ ಸಮ ತೂಕದಲ್ಲಿ ತಗೊಂಡರೆ ಲೆಕ್ಕ ಸರಿಹೋಗುತ್ತದೆ. ಅಯೋಡೈಡ್ ತೀರಾ ಜಾಸ್ತಿಯಾದರೆ ಬಿದ್ದ ಪ್ರಕ್ಷೇಪವೇ ಮತ್ತೆ ಕರಗಿ ಹೋಗುತ್ತದೆ, ಸೀಸ (ಅಂದರೆ ಲೆಡ್) ಇನ್ನೂ ಹೆಚ್ಚು ಅಯೋಡೈಡ್ ಜೊತೆ ಕೂಡಿ ನೀರಲ್ಲಿ ಕರಗುವ ಸಂಕೀರ್ಣವಾಗಿಬಿಡುವುದರಿಂದ. ನೀರಿಗೆ ಸ್ವಲ್ಪ ಅಸಿಟಿಕ್ ಆಮ್ಲ ಸೇರಿಸುವ ರೂಢಿಯೂ ಇದೆ, ಇಲ್ಲದಿದ್ದರೆ ಲೆಡ್ ನೈಟ್ರೇಟ್ ದ್ರಾವಣ ಮಬ್ಬಾಗಬಹುದು.

ಈಗ ಬಿಸಿ ಮಾಡುವ ವಿಷಯ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿಲಿ ನೀರಿನಲ್ಲಿ ಲೆಡ್ ಅಯೋಡೈಡ್ ಕರಗುವುದು ಸುಮಾರು 0.08 ಗ್ರಾಂ ಮಾತ್ರ. ಕುದಿಯುವ ನೀರಿನಲ್ಲಾದರೆ ಸುಮಾರು 0.4 ಗ್ರಾಂ. ಹಾಗಾಗಿ 100 ಮಿಲಿಗೆ ಎರಡೂ ಲವಣ ಕಾಲು ಕಾಲು ಗ್ರಾಂ ಸಾಕು. ಕಾಯಿಸಿದರೆ ಹಳದಿಯೆಲ್ಲ ಮಾಯವಾಗಿ ದ್ರಾವಣ ತಿಳಿಯಾಗುತ್ತದೆ. ಅಲುಗಾಡಿಸದೆ ನಿಧಾನವಾಗಿ ಆರಲು ಬಿಡಿ. ಮೊದಲು ಅಲ್ಲೊಂದು ಇಲ್ಲೊಂದು ಮಿಂಚು, ಆಮೇಲೆ ಇಡೀ ಬೀಕರ್ ತುಂಬಾ ಆರು ಮೂಲೆಯ ತೆಳ್ಳನೆ ಹರಳುಗಳು, ಒಂದೊಂದೂ ತಿರುಗುತ್ತಾ ಬೆಳಕಿಗೆ ಮುಖ ಕೊಟ್ಟಾಗ ಚಿನ್ನದ ಬಣ್ಣದಲ್ಲಿ ಹೊಳೆದು, ಅಂಚು ತಿರುಗಿಸಿದಾಗ ಕಾಣದಂತಾಗಿ, ಮೆಲ್ಲಗೆ ತಳಕ್ಕೆ ಇಳಿಯುತ್ತವೆ. ಗಡಿಬಿಡಿಯಲ್ಲಿ ತಣ್ಣಗೆ ಮಾಡಿದರೆ ಹರಳು ಸಣ್ಣದಾಗುತ್ತದೆ, ಈ ಹೊಳಪು ಬರುವುದಿಲ್ಲ.

ಇದನ್ನು ಮನೆಯಲ್ಲಿ ಮಾಡಬೇಡಿ, ದಯವಿಟ್ಟು. ಸೀಸ ವಿಷ, ಅದರಲ್ಲೂ ಮಕ್ಕಳಿಗೆ. ಹರಳು ಸೋಸಿ ತೆಗೆದ ಮೇಲೂ ನೀರಲ್ಲಿ ಸೀಸ ಉಳಿದಿರುತ್ತದೆ, ಆದ್ದರಿಂದ ಪ್ರಯೋಗಾಲಯದಲ್ಲೂ ಅದನ್ನು ಸಿಂಕ್‌ಗೆ ಸುರಿಯುವಂತಿಲ್ಲ, ಬೇರೆ ಡಬ್ಬಿಯಲ್ಲೇ ಸಂಗ್ರಹಿಸಬೇಕು.

ಹರಳು ಅಷ್ಟು ತೆಳ್ಳಗೆ ಯಾಕೆ? ಒಳಗಿನ ಕಟ್ಟಡವೇ ಹಾಗಿದೆ. ಸೀಸದ ಒಂದು ಪದರ, ಅದರ ಮೇಲೊಂದು ಕೆಳಗೊಂದು ಅಯೋಡಿನ್ ಪದರ. ಈ ಮೂರೂ ಗಟ್ಟಿಯಾಗಿ ಹಿಡಿದುಕೊಂಡಿವೆ. ಇಂಥ ಒಂದು ಕಟ್ಟಿಗೂ ಮುಂದಿನದಕ್ಕೂ ಮಧ್ಯೆ ಮಾತ್ರ ಹಿಡಿತ ಸಡಿಲ, ಒಂದರ ಮೇಲೊಂದು ಸುಮ್ನೆ ಪೇರಿಸಿಟ್ಟ ಹಾಳೆಗಳ ಹಾಗೆ.

ಆ ಸಡಿಲ ಜಾಗವೇ ಈಗ ಎಲ್ಲಕ್ಕಿಂತ ಕೆಲಸಕ್ಕೆ ಬಂದಿರುವುದು. ಗಾಜಿನ ಮೇಲೆ ಲೆಡ್ ಅಯೋಡೈಡ್‌ನ ತೆಳು ಲೇಪ ಕೊಟ್ಟು ಮೀಥೈಲ್ ಅಮೋನಿಯಂ ಅಯೋಡೈಡ್ ದ್ರಾವಣದಲ್ಲಿ ಅದ್ದಿದರೆ, ಆ ಅಣುಗಳು ಪದರಗಳ ನಡುವೆ ನುಗ್ಗುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಹಳದಿ ಹೋಗಿ ಕಡು ಕಂದು ಬಣ್ಣ ಬರುತ್ತದೆ. ಅದೇ ಪೆರೊವ್‌ಸ್ಕೈಟ್, ಬೆಳಕನ್ನು ವಿದ್ಯುತ್ ಮಾಡುವ ವಸ್ತು. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ಅವರ ತಂಡ ಇಂಥ ವಸ್ತು ಬಳಸಿ ಮಾಡಿದ ಸೆಲ್‌ನ ದಕ್ಷತೆ 3.8 ಶೇಕಡ ಇತ್ತು. 2013ರಲ್ಲಿ ಈ ಅದ್ದುವ ವಿಧಾನದಿಂದಲೇ ಸುಮಾರು 15 ಶೇಕಡ ಬಂತು. ಈಗ ಪ್ರಯೋಗಾಲಯದ ಸೆಲ್‌ಗಳು 25 ಶೇಕಡ ದಾಟಿವೆ. ಇಷ್ಟು ಬೇಗ ಇಷ್ಟು ಮೇಲೇರಿದ ಸೋಲಾರ್ ವಸ್ತು ಸಿಗುವುದು ಅಪರೂಪ.

ಬೇರೆ ಉಪಯೋಗಗಳೂ ಇವೆ. ಸೀಸ, ಅಯೋಡಿನ್ ಎರಡೂ ಭಾರದ ಪರಮಾಣುಗಳಾದ್ದರಿಂದ ಎಕ್ಸ್-ರೇ, ಗಾಮಾ ಕಿರಣಗಳನ್ನು ಚೆನ್ನಾಗಿ ಹೀರುತ್ತವೆ, ಹಾಗಾಗಿ ಅವುಗಳನ್ನು ಪತ್ತೆ ಮಾಡುವ ಸಾಧನಗಳಿಗೂ ಇದನ್ನು ಬಳಸಿ ನೋಡಿದ್ದಾರೆ. ಹಿಂದೆ ಬಣ್ಣವಾಗಿಯೂ ಬಳಸುತ್ತಿದ್ದರು, ಆದರೆ ಬೆಳಕಿಗೆ ಹಾಳಾಗುವ ಬಣ್ಣ ಎಷ್ಟು ದಿನ ನಿಂತೀತು?

ಪೆರೊವ್‌ಸ್ಕೈಟ್ ಸೆಲ್‌ಗೆ ದೊಡ್ಡ ಶತ್ರು ತೇವ. ಒಳಗೆ ತೇವ ಹೋದರೆ ಆ ಕಂದು ಪದರ ಒಡೆದು ಮತ್ತೆ ಹಳದಿ ಲೆಡ್ ಅಯೋಡೈಡ್ ಆಗುತ್ತದೆ, ನೀರು ತಾಗಿದರೆ ಅದರ ಸೀಸ ಸ್ವಲ್ಪ ಸ್ವಲ್ಪವೇ ಕರಗಿ ಹೊರಬರುತ್ತದೆ. ದಕ್ಷತೆಯ ಅಂಕಿ ನೋಡಿ ಖುಷಿಪಡುವಷ್ಟೇ ಗಮನ, ಸೆಲ್‌ಗೆ ತೇವ ಹೋಗದಂತೆ ಮುಚ್ಚುವುದು ಹೇಗೆ, ಹಳೆಯದಾದ ಮೇಲೆ ವಾಪಸ್ ತಗೊಳ್ಳುವವರು ಯಾರು ಅನ್ನುವುದರ ಮೇಲೂ ಇರಬೇಕು ಅಂತ ನನ್ನ ಅಭಿಪ್ರಾಯ.