ಜೊಕಾಸ್ಟಾಳ ಎಪ್ಪತ್ತು ಸಾಲು

ದ್ವಿತೀಯ ಬಿ.ಎ. ತರಗತಿಯ ಓದಿನಲ್ಲಿ ನನ್ನ ಪಾಲಿಗೆ ಬಂದ ಪಾತ್ರ ಜೊಕಾಸ್ಟಾ. ಹುಡುಗನಿಗೆ ರಾಣಿಯ ಪಾತ್ರವೇ ಎಂದು ಹಿಂದಿನ ಬೆಂಚಿನವರು ನಕ್ಕರು. ಮೇಷ್ಟ್ರು ಪುಸ್ತಕದಿಂದ ತಲೆ ಎತ್ತದೆ, "ಸೊಫೋಕ್ಲಿಸನ ಕಾಲದಲ್ಲೂ ಗಂಡಸೇ ಮಾಡಿದ್ದು. ಓದಿ" ಎಂದರು.

ಗ್ರೀಕ್ ನಾಟಕಕಾರ ಸೊಫೋಕ್ಲಿಸನ 'ಈಡಿಪಸ್ ದೊರೆ' ನಮಗೆ ಆ ವರ್ಷದ ಪಠ್ಯ. ಪಾಠ ಶುರುವಾಗುವ ಮೊದಲೇ ನಮ್ಮಲ್ಲಿ ಅರ್ಧದಷ್ಟು ಮಂದಿ ಗೈಡ್ ಮುಗಿಸಿದ್ದೆವು. ಪಾತ್ರ: ನಾಯಕ ಮುಂಗೋಪಿ, ಅಹಂಕಾರಿ. ವಸ್ತು: ವಿಧಿ. ತಂತ್ರ: ನಾಟಕೀಯ ವ್ಯಂಗ್ಯ. ಪರೀಕ್ಷೆಗೆ ಇಷ್ಟು ಸಾಕಾಗಿತ್ತು. ಮೇಷ್ಟ್ರಿಗೆ ಸಾಕಾಗಲಿಲ್ಲ. ಅವರು ಕಪ್ಪು ಹಲಗೆಯ ಮೇಲೆ ಉದ್ದಕ್ಕೆ ಗೆರೆ ಎಳೆದು ಕಾಲಂ ಮಾಡಿದರು. ಥೀಬ್ಸ್ ಪಟ್ಟಣದ ದೊರೆ ಈಡಿಪಸ್, ಅವನ ರಾಣಿ ಜೊಕಾಸ್ಟಾ, ರಾಣಿಯ ಸೋದರ ಕ್ರೆಯಾನ್, ಕುರುಡು ಕಾಲಜ್ಞಾನಿ ಟೈರೀಸಿಯಸ್, ಕಾರಿಂತ್‌ನಿಂದ ಬರುವ ದೂತ, ಮುದಿ ಕುರುಬ, ಕೊನೆಯದು ಪ್ರೇಕ್ಷಕರಿಗೆ. ಪ್ರತಿ ದೃಶ್ಯ ಮುಗಿದ ಮೇಲೂ ಒಂದೇ ಪ್ರಶ್ನೆ: "ಈಗ ಯಾರಿಗೆ ಏನು ಗೊತ್ತು?"

ಪ್ರೇಕ್ಷಕರ ಕಾಲಂ ಮೊದಲ ದಿನವೇ ತುಂಬಿಹೋಯಿತು. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದವನ ಕತೆ ಗ್ರೀಕರಿಗೆ ಹೊಸದಲ್ಲವಲ್ಲ. ಈಡಿಪಸ್‌ನ ಕಾಲಂ ತಿಂಗಳುಗಟ್ಟಲೆ ಖಾಲಿ. ಜೊಕಾಸ್ಟಾಳ ಮೊದಲ ಗಂಡ, ಸತ್ತ ದೊರೆ ಲೇಯಸ್‌ನ ಪರವಾಗಿ, ಅವನು ತನ್ನ ಸ್ವಂತ ತಂದೆಯೇ ಎಂಬಂತೆ ಹೋರಾಡುತ್ತೇನೆ ಎಂದು ಅವನು ಘೋಷಿಸುವಾಗ ಮೇಷ್ಟ್ರು ಏನೂ ವಿವರಿಸಲಿಲ್ಲ. ತುಂಬಿದ ಕಾಲಂನ ಮೇಲೊಮ್ಮೆ, ಖಾಲಿ ಕಾಲಂನ ಮೇಲೊಮ್ಮೆ ಬೆರಳಿಟ್ಟರು. ನಾಟಕೀಯ ವ್ಯಂಗ್ಯ ಎಂಬುದರ ವ್ಯಾಖ್ಯೆಯನ್ನು ನಾನು ಆಮೇಲೆ ಎಂದೂ ಉರುಹೊಡೆಯಬೇಕಾಗಲಿಲ್ಲ.

ಇನ್ನೊಂದು ಕೆಲಸ ಪೆನ್ಸಿಲ್ಲಿನದು. ಲೇಯಸ್‌ನನ್ನು ಕೊಂದವರು ದರೋಡೆಕೋರರು ಎಂದು ಕ್ರೆಯಾನ್ ವರದಿ ಒಪ್ಪಿಸುತ್ತಾನೆ. ಮರುಮಾತಿನಲ್ಲೇ ಈಡಿಪಸ್ 'ದರೋಡೆಕೋರ' ಎನ್ನುತ್ತಾನೆ. ಬಹುವಚನ ಹೋಗಿ ಏಕವಚನ ಬಂತು. ಎರಡರ ಕೆಳಗೂ ಗೆರೆ ಹಾಕಿಸಿದರು. ಇದೇನು ವ್ಯಾಕರಣದ ಪಾಠವೇ ಎಂದು ನಾವು ಗೊಣಗಿದೆವು. ಮುಂದೆ, ಮೂರು ದಾರಿ ಕೂಡುವಲ್ಲಿ ತಾನೊಬ್ಬ ಮುದುಕನನ್ನು ಕೊಂದದ್ದು ನೆನಪಾಗಿ ಈಡಿಪಸ್ ಬೆದರಿದಾಗ, ಅವನು ಹಿಡಿದುಕೊಳ್ಳುವ ಹುಲ್ಲುಕಡ್ಡಿಯೂ ಇದೇ ವಚನಭೇದ: ಕೊಂದವರು ಹಲವರಾಗಿದ್ದರೆ ಅದು ನಾನಲ್ಲ, ಒಬ್ಬ ಹಲವರಾಗಲಾರ. ಆ ಹತ್ಯೆಯಲ್ಲಿ ಬದುಕುಳಿದು ಓಡಿಬಂದವನು ಒಬ್ಬನೇ. ಅವನು ಈಡಿಪಸ್ ಸಿಂಹಾಸನದಲ್ಲಿರುವುದನ್ನು ಕಂಡೊಡನೆ, ಪಟ್ಟಣದ ಕಣ್ಣಿಗೆ ಬೀಳದಷ್ಟು ದೂರದ ಹುಲ್ಲುಗಾವಲಿಗೆ ಕಳಿಸಿ ಎಂದು ಜೊಕಾಸ್ಟಾಳ ಕೈ ಹಿಡಿದು ಬೇಡಿಕೊಂಡಿದ್ದ. ಇನ್ನೂ ರಂಗಕ್ಕೇ ಬಾರದ ಮುದಿ ಕುರುಬನೇ ಅವನು; ಅವನ ಕಾಲಂನಲ್ಲಿ ಮೇಷ್ಟ್ರು ಅಂದು ಸೀಮೆಸುಣ್ಣದ ಗುರುತು ಹಾಕಿದರು.

ನನ್ನ ಪಾತ್ರಕ್ಕೆ ಬರುತ್ತೇನೆ. ಕಾರಿಂತ್‌ನ ದೂತ ಬಂದು ಅಲ್ಲಿನ ದೊರೆ ತೀರಿಕೊಂಡ ಸುದ್ದಿ ಹೇಳುತ್ತಾನೆ. ಈಡಿಪಸ್ ತನ್ನ ತಂದೆಯೆಂದು ನಂಬಿದ್ದು ಆ ದೊರೆಯನ್ನೇ. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತೀ ಎಂಬ ದೈವವಾಣಿಗೆ ಅವನು ಹೆದರಿದ್ದ. ತಂದೆಯ ಭಯ ಕಳೆಯಿತು. ತಾಯಿಯ ಭಯವನ್ನೂ ಕಳೆಯೋಣವೆಂದು ದೂತ, ನೀನು ಅವರ ಹೊಟ್ಟೆಯಲ್ಲಿ ಹುಟ್ಟಿದವನೇ ಅಲ್ಲ, ಕಾಲು ಚುಚ್ಚಿ ಕಟ್ಟಿದ್ದ ಮಗುವನ್ನು ಕುರುಬನೊಬ್ಬನಿಂದ ಪಡೆದು ಕೊಟ್ಟವನು ನಾನೇ, ಎಂದುಬಿಡುತ್ತಾನೆ. ಸಂತೈಸಲು ಬಂದವನು ಮಾಡುವುದು ಅದಕ್ಕೆ ತದ್ವಿರುದ್ಧ. ವಿಪರ್ಯಾಸಕ್ಕೆ ಅರಿಸ್ಟಾಟಲ್ ಕೊಡುವ ಉದಾಹರಣೆ ಇದೇ. ದೂತ ಈ ಗುಟ್ಟು ಬಿಚ್ಚುವಷ್ಟೂ ಹೊತ್ತು ಜೊಕಾಸ್ಟಾಗೆ ಮಾತಿಲ್ಲ. ನಾನು ಪುಸ್ತಕ ಮಡಚಿ ಕಿಟಕಿಯಾಚೆ ನೋಡುತ್ತಿದ್ದೆ.

"ರಾಣಿ ಏನು ಮಾಡುತ್ತಿದ್ದಾಳೆ?" ಮೇಷ್ಟ್ರು ಕೇಳಿದರು.

"ಸಾಲು ಇಲ್ಲ ಸರ್."

"ಸಾಲು ಇಲ್ಲ ಎಂದರೆ ಕೆಲಸ ಇಲ್ಲ ಎಂದಲ್ಲ. ಎದ್ದು ನಿಂತು, ಅವರ ಮಾತು ಕೇಳಿಸಿಕೊಳ್ಳಿ."

ನಿಂತೆ. ಗೆಳೆಯರಿಬ್ಬರು ಮತ್ತೆ ಮೊದಲಿನಿಂದ ಓದಿದರು. ಕಣಕಾಲಿನ ಗಾಯದ ಮಾತು ಬಂದಾಗ ಪುಸ್ತಕ ಹಿಡಿದ ಕೈಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಮೂರು ದಿನದ ಕೂಸಿನ ಕಣಕಾಲು ಬಿಗಿದು ಲೇಯಸ್ ಬೆಟ್ಟಕ್ಕೆ ಎಸೆಸಿದ ಎಂದು ಹಿಂದಿನ ದೃಶ್ಯದಲ್ಲಿ ಓದಿದ್ದವನು ನಾನೇ. ಮೂಲದಲ್ಲಿ ಸುಮಾರು ಎಪ್ಪತ್ತು ಸಾಲು ಅವಳು ತುಟಿ ಬಿಚ್ಚುವುದಿಲ್ಲ. ಅಷ್ಟರಲ್ಲಿ ಅವಳ ಕಾಲಂ ಪೂರ್ತಿ ತುಂಬಿದೆ, ಪಕ್ಕದಲ್ಲೇ ನಿಂತ ಗಂಡನದು ಇನ್ನೂ ತುಂಬಿಲ್ಲ. ಗ್ರೀಕ್ ನಟನಿಗೆ ಮುಖವಾಡ ಬೇರೆ, ಮುಖ ಬಾಡುವುದನ್ನು ತೋರಿಸುವಂತಿಲ್ಲ. ನಾನು ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಿದ್ದೆ. ಮೇಷ್ಟ್ರು "ಅಲ್ಲೇ ನಿಲ್ಲಿ" ಎಂದರು.

ಆಮೇಲೆ ಅವಳು ಬಾಯಿ ಬಿಡುವುದು, ಇದನ್ನು ಕೆದಕಬೇಡ ಎಂದು ಅಂಗಲಾಚಲು. ತನ್ನ ಹುಟ್ಟು ಕೀಳಾಗಿರಬಹುದೆಂದು ರಾಣಿ ನಾಚುತ್ತಿದ್ದಾಳೆ ಎಂದುಕೊಳ್ಳುತ್ತಾನೆ ಆ ಪುಣ್ಯಾತ್ಮ. ಅವಳು ಅರಮನೆಯೊಳಗೆ ಓಡಿದ ಮೇಲೆ, ಈ ಮೌನದಿಂದ ಕೇಡು ಸಿಡಿಯುತ್ತದೆ ಎಂದು ಮೇಳದ ಹಿರಿಯನಿಗೆ ದಿಗಿಲು. ಅವಳ ಸಾವು ನಡೆಯುವುದು ಒಳಗೆ, ನಮಗೆ ಸಿಗುವುದು ವರದಿ ಮಾತ್ರ. ಅವಳು ಹೋಗಲೇಬೇಕಿತ್ತು ಎಂಬುದಕ್ಕೆ ಮೇಷ್ಟ್ರು ಇನ್ನೊಂದು ಕಾರಣವನ್ನೂ ಕೊಟ್ಟರು. ಆ ಕಾಲದ ಗ್ರೀಕ್ ರಂಗದಲ್ಲಿ ಮಾತಾಡುವ ನಟರು ಮೂವರೇ. ಈಡಿಪಸ್, ದೂತ ಇಬ್ಬರೂ ರಂಗದಲ್ಲಿರುವಾಗ ಕುರುಬ ಬರಬೇಕಾದರೆ ಒಬ್ಬ ನಟ ಖಾಲಿಯಾಗಬೇಕು. ಕಟ್ಟುಪಾಡನ್ನೇ ಕತೆಯ ಅಗತ್ಯವಾಗಿಸಿದ ಈ ಜಾಣ್ಮೆಗೆ ಅಥೆನ್ಸಿನ ನಾಟಕ ಸ್ಪರ್ಧೆಯಲ್ಲಿ ಸಿಕ್ಕಿದ್ದು ಎರಡನೆಯ ಸ್ಥಾನ. ಗೆದ್ದ ಫಿಲೋಕ್ಲಿಸ್‌ನ ಒಂದು ನಾಟಕವೂ ಉಳಿದಿಲ್ಲ ಎಂದು ಕೇಳಿ ನಮಗೆಲ್ಲ ಒಳಗೊಳಗೇ ಖುಷಿ.

ಗೈಡ್‌ನ 'ಅಹಂಕಾರಿ' ನನಗೆ ಅಂದಿನಿಂದಲೇ ರುಚಿಸದಾಯಿತು. ನಾಯಕನ ಪತನಕ್ಕೆ ಅರಿಸ್ಟಾಟಲ್ ಕೊಡುವ ಕಾರಣ 'ಹಮಾರ್ತಿಯ'; ಹಾಗೆಂದರೆ ಗುರಿ ತಪ್ಪುವುದು. ಅದನ್ನು 'ಚಾರಿತ್ರ್ಯದೋಷ' ಮಾಡಿಟ್ಟವರ ಮೇಲೆ ನನಗೆ ಈಗಲೂ ಮುನಿಸಿದೆ. ಭಯಂಕರವಾದದ್ದನ್ನು ಹೇಳುವ ಅಂಚಿನಲ್ಲಿದ್ದೇನೆ ಎಂದು ಕುರುಬ ನಡುಗುವಾಗ, ನಾನೂ ಕೇಳುವ ಅಂಚಿನಲ್ಲಿದ್ದೇನೆ, ಆದರೂ ಕೇಳಲೇಬೇಕು ಎನ್ನುವವನಲ್ಲಿ ದೋಷ ಹುಡುಕುವುದು ಸುಲಭವಲ್ಲ.

ಪಾಠ ಮುಗಿಯುವ ವಾರ ನಾನು ಪೆನ್ಸಿಲ್ ಗೆರೆಗಳನ್ನು ಎಣಿಸುತ್ತಾ ಹೋಗಿ ಒಂದು ತಪ್ಪು ಹಿಡಿದೆ. ಕುರುಬನನ್ನು ಕರೆಸಿದ್ದೇ ಕೊಂದವರು ಒಬ್ಬನೋ ಹಲವರೋ ಎಂದು ಕೇಳಲು. ಅವನು ಬಂದ ಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ! ನಾಟಕಕಾರ ಮರೆತಿದ್ದಾನೆ ಎಂದು ಎದೆಯುಬ್ಬಿಸಿ ಹೇಳಿದೆ. ಮೇಷ್ಟ್ರು ಗಂಭೀರವಾಗಿ, "ಹಾಗಾದರೆ ಸೇರಿಸಿ ಬರೆದು ತನ್ನಿ" ಎಂದರು.

ಮರುದಿನ ತರಗತಿಯೆದುರು ಓದಿದೆ. ಮಗುವನ್ನು ತನ್ನ ಕೈಗಿತ್ತವಳು ರಾಣಿಯೇ ಎಂದು ಕುರುಬ ಒಪ್ಪಿಕೊಳ್ಳುತ್ತಾನೆ. ನನ್ನ ಈಡಿಪಸ್ ಗಂಟಲು ಸರಿಮಾಡಿಕೊಂಡು ಕೇಳುತ್ತಾನೆ: "ಅದಿರಲಿ, ಅಂದು ದಾರಿಯಲ್ಲಿ ಅವರು ಎಷ್ಟು ಮಂದಿ ಇದ್ದರು?"

ಹಿಂದಿನ ಬೆಂಚು ಮೊದಲು ನಕ್ಕಿತು, ಆಮೇಲೆ ಇಡೀ ತರಗತಿ, ಕೊನೆಗೆ ನಾನು. ಮೇಷ್ಟ್ರು ಮಾತ್ರ ನಗಲಿಲ್ಲ. ಕೈ ಚಾಚಿ ಆ ಹಾಳೆಯನ್ನು ಇಸಿದುಕೊಂಡು, ನಾಲ್ಕಾಗಿ ಮಡಚಿ, ತಮ್ಮ ಪುಸ್ತಕದಲ್ಲಿ ಆ ಪುಟದ ನಡುವೆಯೇ ಇಟ್ಟುಕೊಂಡರು.